ಮಣ್ಣಿನ ಕಟ್ಟೆಯೂ ನೆರೆಯವರ ಋಣವೂ

ಶತಮಾನೋತ್ಸವದ ಈ ಸ್ಮರಣ ಸಂಚಿಕೆಗೆ ಚರಿತ್ರೆಗೆ ಸಂಬಂಧಿಸಿದ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ನಮ್ಮನ್ನು ಕೇಳಿಕೊಂಡರು. ಇಗರ್ಜಿಯ ಕಟ್ಟಡದ ಚರಿತ್ರೆಯನ್ನೂ ಸೇವೆ ಸಲ್ಲಿಸಿದ ಗುರುಗಳ ಚರಿತ್ರೆಯನ್ನೂ ನಮಗಿಂತ ಹೆಚ್ಚು ಬಲ್ಲವರು ಇದೇ ಸಂಚಿಕೆಯ ಬೇರೆ ಪುಟಗಳಲ್ಲಿ ಬರೆದಿದ್ದಾರೆ. ನಾವು ಆರಿಸಿಕೊಂಡಿರುವುದು ಅದಕ್ಕಿಂತ ಅಲ್ಪವೆಂದು ತೋರುವ ವಿಷಯ: ಒಬ್ಬ ರೈತನು ತನ್ನ ಭೂಮಿಯಲ್ಲಿ, ತನ್ನ ಬೆಳೆಗಾಗಿ ಕಟ್ಟಿಕೊಳ್ಳುವ ಮಣ್ಣಿನ ಕಟ್ಟೆ. ಈ ಬಯಲುಗಳಲ್ಲಿ ದುಡಿದ ಹಿರಿಯರ ಬಾಳು ಇಂಥ ಕಟ್ಟೆಗಳ ನೀರಿನಿಂದಲೇ ಹಸಿರಾಗಿತ್ತು. ಆದರೆ ಅದನ್ನು ಆರಿಸಲು ನಮಗೆ ಇನ್ನೊಂದು ಕಾರಣವೂ ಉಂಟು. ಅದನ್ನು ಲೇಖನದ ಕೊನೆಗೆ ಅರಿಕೆ ಮಾಡಿಕೊಳ್ಳುತ್ತೇವೆ.

ಕರಾವಳಿಯ ಕಟ್ಟಗಳು

ದಕ್ಷಿಣ ಕನ್ನಡ ಮತ್ತು ಕಾಸರಗೋಡು ಸೀಮೆಗಳಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರಿನಷ್ಟು ಮಳೆ ಬೀಳುತ್ತದೆ. ಆದರೆ ಅದರ ಬಹುಭಾಗವು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ 4 ತಿಂಗಳಲ್ಲೇ ಸುರಿದು, ಇಳಿಜಾರಿನ ತೋಡುಗಳನ್ನು ಹಿಡಿದು, ನೋಡನೋಡುತ್ತಿದ್ದಂತೆ ಸಮುದ್ರವನ್ನು ಸೇರಿಬಿಡುತ್ತದೆ. ಫೆಬ್ರವರಿ ಬರುವಷ್ಟರಲ್ಲಿ ಅನೇಕ ತೋಡುಗಳಲ್ಲಿ ಬರಿಯ ಕಲ್ಲು ಕಾಣಿಸುತ್ತದೆ. ಮಳೆಗಾಲದಲ್ಲಿ ನೀರಿನ ಭಯ, ಬೇಸಿಗೆಯಲ್ಲಿ ನೀರಿನ ಬರ ಎಂಬ ಈ ವೈಚಿತ್ರ್ಯಕ್ಕೆ ನಮ್ಮ ಪೂರ್ವಿಕರು ಕಂಡುಕೊಂಡ ಉತ್ತರವೇ 'ಕಟ್ಟ'.

ಮಳೆ ನಿಂತು ತೋಡಿನ ಹರಿವು ತಗ್ಗಿದ ಮೇಲೆ, ಸಾಮಾನ್ಯವಾಗಿ ನವೆಂಬರ್ ಅಥವಾ ಡಿಸೆಂಬರ್ ತಿಂಗಳಲ್ಲಿ, ತೋಡಿಗೆ ಅಡ್ಡವಾಗಿ ಕಲ್ಲು, ಅಡಿಕೆ ಮರದ ಕಾಂಡ, ಸೊಪ್ಪುಸದೆ ಮತ್ತು ಮಣ್ಣುಗಳಿಂದ ತಡೆಯನ್ನು ಕಟ್ಟುತ್ತಿದ್ದರು. ಎರಡು ಸಾಲು ಕಲ್ಲಿನ ಅಥವಾ ಮರದ ಗೋಡೆಗಳ ನಡುವೆ ಜೇಡಿಮಣ್ಣನ್ನು ತುಂಬಿ ಕಾಲಿನಿಂದ ತುಳಿದು ಗಟ್ಟಿಗೊಳಿಸುವುದು ಇದರ ಮುಖ್ಯ ಕೆಲಸ. ಹೀಗೆ ನಿಂತ ನೀರು ಕಣಿವೆಯ ಉದ್ದಕ್ಕೂ ಹಿಂದಕ್ಕೆ ಸರಿದು, ದಂಡೆಯ ಅಡಿಕೆ ತೋಟಗಳಿಗೂ ಕೊಳಕೆ ಬೆಳೆಯ ಗದ್ದೆಗಳಿಗೂ ಒದಗುತ್ತಿತ್ತು. ಏಣೆಲು ಮಳೆಯನ್ನು ನಂಬಿದ ಬೆಳೆ. ಸುಗ್ಗಿಗೆ ತೋಡಿನ ಉಳಿದ ನೀರು ಸಾಲಬಹುದು. ಮೂರನೆಯದಾದ ಕೊಳಕೆಯು ಮಾತ್ರ ಬೇಸಿಗೆಯ ನೀರಿಲ್ಲದೆ ಬಾರದು. ಆದುದರಿಂದ ಮೂರನೆಯ ಬೆಳೆಯ ಅನ್ನವು ಬಹುಮಟ್ಟಿಗೆ ಕಟ್ಟದ ಅನ್ನವೆಂದೇ ಹೇಳಬೇಕು.

ಕಟ್ಟದ ಪ್ರಯೋಜನವು ಕಣ್ಣಿಗೆ ಕಾಣುವ ನೀರಿನಷ್ಟಕ್ಕೇ ಮುಗಿಯುವುದಿಲ್ಲ. ನಿಂತ ನೀರು ನೆಲದೊಳಕ್ಕೆ ಇಳಿದು ಸುತ್ತಲಿನ ಬಾವಿಗಳ ಮಟ್ಟವನ್ನು ಏರಿಸುತ್ತದೆ. ಮೇಲಿನ ಕಟ್ಟದಿಂದ ಜಿನುಗಿದ ನೀರು ಕೆಳಗಿನ ಕಟ್ಟವನ್ನು ತುಂಬಿಸುತ್ತದೆ. ಹಾಗಾಗಿ ಒಂದೇ ತೋಡಿನಲ್ಲಿ ಸಾಲುಸಾಲಾಗಿ ಕಟ್ಟಗಳಿದ್ದಷ್ಟೂ ಎಲ್ಲರಿಗೂ ಲಾಭ. ಕಾಸರಗೋಡು ಜಿಲ್ಲೆಯ ಏತಡ್ಕವು ಇಂಥ ಸಾಲುಕಟ್ಟಗಳಿಗೆ ಹೆಸರಾದ ಊರು. ಇದರ ಜೊತೆಗೆ ಗುಡ್ಡದ ಇಳಿಜಾರಿನ ತಗ್ಗಿಗೆ ಅಡ್ಡವಾಗಿ ಮಣ್ಣಿನ ಏರಿಯನ್ನು ಹಾಕಿ ಮಳೆನೀರನ್ನು ನಿಲ್ಲಿಸುವ 'ಮದಕ'ಗಳೂ ನಮ್ಮ ಸೀಮೆಯಲ್ಲಿ ಇದ್ದವು, ಈಗಲೂ ಕೆಲವು ಉಳಿದಿವೆ. ಕಟ್ಟವು ಪ್ರತಿವರ್ಷ ಮಳೆಗಾಲಕ್ಕೆ ಮುನ್ನ ಬಿಚ್ಚಲ್ಪಡುವ, ಇಲ್ಲವೆ ಮೊದಲ ಪ್ರವಾಹಕ್ಕೆ ಕೊಚ್ಚಿಹೋಗುವ ತಾತ್ಕಾಲಿಕ ರಚನೆ. ಮದಕದ ಏರಿಯಾದರೋ ಮಳೆಗಾಲದಲ್ಲಿಯೂ ನಿಲ್ಲತಕ್ಕದ್ದು. ಈ ಭೇದವನ್ನು ಓದುಗರು ನೆನಪಿನಲ್ಲಿಡಬೇಕು, ಏಕೆಂದರೆ ಮುಂದೆ ಹೇಳುವ ಅಪಾಯಗಳೆಲ್ಲವೂ ಎರಡನೆಯ ಬಗೆಯವಕ್ಕೆ ಸಂಬಂಧಿಸಿದವು.

ಕಲ್ಲಿನಲ್ಲಿ ಕೊರೆದ ವಿವೇಕ

ಕೆರೆ ಕಟ್ಟಿಸುವುದು ಅರಸರ ಕೆಲಸವೆಂದು ಶಾಲೆಯ ಪುಸ್ತಕಗಳಿಂದ ನಾವು ತಿಳಿದುಕೊಂಡಿರುತ್ತೇವೆ. ಆದರೆ ಕರ್ನಾಟಕದ ಶಾಸನಗಳನ್ನು ನೋಡಿದರೆ ಗೌಡರು, ಸೆಟ್ಟಿಗಳು, ಸೈನಿಕರು, ಸ್ತ್ರೀಯರು ಕೂಡ ಕೆರೆಗಳನ್ನು ಕಟ್ಟಿಸಿದುದು ಕಂಡುಬರುತ್ತದೆ. ಕೆರೆಯನ್ನು ಕಟ್ಟಿಸಿದವನಿಗೂ ದುರಸ್ತಿ ಮಾಡಿಸಿದವನಿಗೂ ಭೂಮಿಯನ್ನು ಬಿಡುತ್ತಿದ್ದರು. ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಶಬ್ದಗಳು ಇಂಥ ಏರ್ಪಾಡುಗಳಿಗೆ ಸಂಬಂಧಪಟ್ಟವು. ಇದರಿಂದ ಒಂದು ಸಂಗತಿ ಸ್ಪಷ್ಟವಾಗುತ್ತದೆ. ಕಟ್ಟುವುದು ಒಮ್ಮೆಯ ಕೆಲಸ, ಕಾಪಾಡುವುದು ನಿತ್ಯದ ಕೆಲಸ, ಆದುದರಿಂದ ಕಾಪಾಡುವವನಿಗೆ ನಿತ್ಯದ ಆದಾಯವಿರಬೇಕು ಎಂಬುದನ್ನು ಆ ಕಾಲದವರು ಚೆನ್ನಾಗಿ ಅರಿತಿದ್ದರು.

ಈ ವಿಷಯದಲ್ಲಿ ಅತ್ಯಂತ ಬೆಲೆಯುಳ್ಳ ಶಾಸನವೊಂದು ಆಂಧ್ರಪ್ರದೇಶದ ಕಡಪ ಜಿಲ್ಲೆಯ ಪೊರುಮಾಮಿಳ್ಳದಲ್ಲಿದೆ. ವಿಜಯನಗರದ ಒಂದನೆಯ ಬುಕ್ಕರಾಯನ ಮಗ ಭಾಸ್ಕರನು ಅಲ್ಲಿ ಕಟ್ಟಿಸಿದ ಅನಂತರಾಜ ಸಾಗರವೆಂಬ ಕೆರೆಯ ಕುರಿತು 1369ರಲ್ಲಿ ಸಂಸ್ಕೃತದಲ್ಲಿ ಕೊರೆಯಿಸಿದ ಶಾಸನವಿದು. ಪ್ರತಿದಿನ 1,000 ಮಂದಿ ಆಳುಗಳೂ ಕಲ್ಲು ಸಾಗಿಸುವ 100 ಬಂಡಿಗಳೂ 2 ವರ್ಷಗಳ ಕಾಲ ದುಡಿದ ಸಂಗತಿಯನ್ನು ಅದು ತಿಳಿಸುತ್ತದೆ. ನಮಗೆ ಮುಖ್ಯವಾದುದು ಅದರಲ್ಲಿ ಹೇಳಿರುವ ಕೆರೆಯ 12 ಸಾಧನಗಳು ಹಾಗೂ 6 ದೋಷಗಳು. ಸಾಧನಗಳಲ್ಲಿ ಧರ್ಮಿಷ್ಠನಾದ ಒಡೆಯ, ಜಲಶಾಸ್ತ್ರವನ್ನು ಬಲ್ಲ ವ್ಯಕ್ತಿ, ಗಟ್ಟಿಮಣ್ಣಿನ ನೆಲ, ಹೆಚ್ಚು ಉದ್ದವಲ್ಲದ ದೃಢವಾದ ಏರಿ, ಕಟ್ಟುವ ಕೆಲಸದಲ್ಲಿ ನುರಿತ ಜನ ಮೊದಲಾದವು ಸೇರಿವೆ. ದೋಷಗಳಾದರೋ ಇವು: ಏರಿಯಿಂದ ನೀರು ಒಸರುವುದು, ಚೌಳು ಮಣ್ಣು, ಎರಡು ರಾಜ್ಯಗಳ ಗಡಿಯಲ್ಲಿರುವುದು, ಕೆರೆಯ ಅಂಗಳದ ನಡುವೆ ದಿಣ್ಣೆಯಿರುವುದು, ನೀರು ಕಡಿಮೆಯಾಗಿ ಭೂಮಿ ಹೆಚ್ಚಾಗಿರುವುದು, ಭೂಮಿ ಕಡಿಮೆಯಾಗಿ ನೀರು ಹೆಚ್ಚಾಗಿರುವುದು.

ಆರು ದೋಷಗಳಲ್ಲಿ ಏರಿಯ ಒಸರು ಸೇರಿರುವುದನ್ನೂ, ಹನ್ನೆರಡು ಸಾಧನಗಳಲ್ಲಿ ಒಡೆಯನ ಧರ್ಮಬುದ್ಧಿಯು ಸೇರಿರುವುದನ್ನೂ ನಾವು ಗಮನಿಸಬೇಕು. ಮಣ್ಣು ಕಲ್ಲುಗಳ ಗುಣದೊಂದಿಗೆ ಮಾಲೀಕನ ಗುಣವನ್ನೂ ಅವರು ಎಣಿಸಿದರು. ಇದು ಬರಿಯ ರಾಜಸ್ತುತಿಯಲ್ಲ, ಅನುಭವದಿಂದ ಬಂದ ಮಾತೆಂದು ಮುಂದಿನ ಚರಿತ್ರೆಯು ತೋರಿಸುತ್ತದೆ.

ತಪ್ಪಿಸಿಕೊಂಡ ನೀರು ಯಾರದು?

ನನ್ನ ಭೂಮಿಯಲ್ಲಿ ನಾನು ಕೂಡಿಸಿಟ್ಟ ನೀರು ಏರಿಯನ್ನು ಒಡೆದು ನಿನ್ನ ಭೂಮಿಯನ್ನು ಹಾಳುಮಾಡಿದರೆ ಹೊಣೆ ಯಾರದು? ಈ ಪ್ರಶ್ನೆ ಬಹಳ ಹಳೆಯದು. ಹಳೆಯ ಒಡಂಬಡಿಕೆಯ ವಿಮೋಚನಕಾಂಡದಲ್ಲಿ, ಗುಂಡಿಯನ್ನು ತೋಡಿ ಮುಚ್ಚದೆ ಬಿಟ್ಟವನು ಅದರೊಳಗೆ ಬಿದ್ದು ಸತ್ತ ಎತ್ತಿನ ಬೆಲೆಯನ್ನು ತೆರಬೇಕೆಂಬ ವಿಧಿಯಿದೆ. ಗುಂಡಿ ಅವನ ನೆಲದಲ್ಲಿದೆ ಎಂಬುದು ಅಲ್ಲಿ ನೆಪವಾಗುವುದಿಲ್ಲ.

ಇಂಗ್ಲೆಂಡಿನಲ್ಲಿ ಇದೇ ಪ್ರಶ್ನೆಯು ರೈಲಂಡ್ಸ್ ಮತ್ತು ಫ್ಲೆಚರ್ ಎಂಬವರ ಮೊಕದ್ದಮೆಯಲ್ಲಿ ಎದ್ದಿತು. ಲಂಕಾಷೈರಿನ ಗಿರಣಿಯ ಮಾಲೀಕನೊಬ್ಬನು ಗುತ್ತಿಗೆದಾರರಿಂದ ಜಲಾಶಯವೊಂದನ್ನು ಕಟ್ಟಿಸಿದನು. ಅದರ ತಳದಲ್ಲಿ ಹಳೆಯ ಗಣಿಯ ಮುಚ್ಚಿದ ಬಾಯಿಗಳಿದ್ದವು. 1860ರಲ್ಲಿ ನೀರು ಆ ಮಾರ್ಗವಾಗಿ ನುಗ್ಗಿ ನೆರೆಯವನ ಕಲ್ಲಿದ್ದಲ ಗಣಿಯನ್ನು ಮುಳುಗಿಸಿತು. ಮಾಲೀಕನಿಗೆ ಆ ಬಾಯಿಗಳ ಸುಳಿವೇ ಇರಲಿಲ್ಲ. ಆದರೂ 1868ರಲ್ಲಿ ಪ್ರಭುಗಳ ಸಭೆಯು ಅವನನ್ನೇ ಹೊಣೆಗಾರನನ್ನಾಗಿ ಮಾಡಿತು. ತನ್ನ ಪ್ರಯೋಜನಕ್ಕಾಗಿ ಅಪಾಯಕಾರಿಯಾದ ವಸ್ತುವನ್ನು ತನ್ನ ನೆಲಕ್ಕೆ ತಂದು ಕೂಡಿಸಿದವನು ಅದು ತಪ್ಪಿಸಿಕೊಂಡು ಹೋದರೆ ಬಂದ ನಷ್ಟವನ್ನು ತುಂಬಬೇಕೆಂಬುದು ಆ ತೀರ್ಪಿನ ತಿರುಳು.

ಕೆಲವೇ ವರ್ಷಗಳಲ್ಲಿ ಈ ಪ್ರಶ್ನೆ ನಮ್ಮ ದಕ್ಷಿಣ ದೇಶಕ್ಕೂ ಬಂದಿತು. ಮದ್ರಾಸ್ ಪ್ರಾಂತದ ಕಾರ್ವೇಟಿನಗರ ಜಮೀನ್ದಾರಿಯ ಕೆರೆಗಳು ಭಾರೀ ಮಳೆಯಿಂದ ಒಡೆದು ಮದ್ರಾಸ್ ರೈಲ್ವೆ ಕಂಪನಿಯ ಸೇತುವೆ ಮುಂತಾದವುಗಳನ್ನು ಹಾಳುಮಾಡಿದವು. ಕಂಪನಿಯವರು ಇಂಗ್ಲೆಂಡಿನ ಹೊಸ ತೀರ್ಪನ್ನು ಹಿಡಿದು ಜಮೀನ್ದಾರನ ಮೇಲೆ ದಾವೆ ಹೂಡಿದರು. 1874ರಲ್ಲಿ ಪ್ರಿವಿ ಕೌನ್ಸಿಲ್ ಇದನ್ನು ಒಪ್ಪಲಿಲ್ಲ. ಈ ಕೆರೆಗಳು ಅನಾದಿಕಾಲದಿಂದ ಇದ್ದವು, ಜನರ ಬಾಳಿಗೆ ಅತ್ಯಗತ್ಯವಾದವು. ಜಮೀನ್ದಾರನು ಇವುಗಳನ್ನು ತನ್ನ ಇಷ್ಟದಂತೆ ಇಲ್ಲವಾಗಿಸುವಂತಿಲ್ಲ, ಇವುಗಳನ್ನು ಕಾಪಾಡುವುದು ಅವನ ಕರ್ತವ್ಯ. ಆದುದರಿಂದ ಅವನು ಅಜಾಗರೂಕನಾಗಿದ್ದನೆಂದು ರುಜುವಾತಾದರೆ ಮಾತ್ರ ಹೊಣೆಗಾರನು ಎಂದು ಅದು ತೀರ್ಮಾನಿಸಿತು.

ಎರಡು ತೀರ್ಪುಗಳೂ ಒಂದಕ್ಕೊಂದು ವಿರುದ್ಧವೆಂದು ತೋರಬಹುದು. ಆದರೆ ಆಲೋಚಿಸಿದರೆ ಎರಡರಲ್ಲೂ ನ್ಯಾಯವಿದೆ. ಒಂದರಲ್ಲಿ ನೀರು ಒಬ್ಬನ ಲಾಭಕ್ಕಾಗಿ ನಿಂತದ್ದು, ಮತ್ತೊಂದರಲ್ಲಿ ಊರಿನ ಅನ್ನಕ್ಕಾಗಿ ನಿಂತದ್ದು. ಊರಿನದಾದರೂ ಕಾಪಾಡುವವನು ಎಚ್ಚರ ತಪ್ಪಿದರೆ ಅವನಿಗೆ ಬಿಡುಗಡೆಯಿಲ್ಲ ಎಂಬುದು ಎರಡನೆಯದರ ಒಳಮಾತು.

ಕೋಡಿ ಮುಚ್ಚಿದ ಕಥೆ

ಮಣ್ಣಿನ ಏರಿಯು ಮುಖ್ಯವಾಗಿ ಎರಡು ರೀತಿಗಳಲ್ಲಿ ಒಡೆಯುತ್ತದೆ. ಮೊದಲನೆಯದು, ನೀರು ಏರಿಯ ತಲೆಯ ಮೇಲಿಂದ ಹರಿದು ಹಿಂಬದಿಯ ಮಣ್ಣನ್ನು ಕೊರೆಯುವುದು. ಹೆಚ್ಚಿನ ನೀರು ಸುರಕ್ಷಿತವಾಗಿ ಹೊರಹೋಗುವ ಕೋಡಿಯು ಸಾಕಷ್ಟು ಅಗಲವಾಗಿದ್ದು ತೆರೆದಿದ್ದರೆ ಇದು ನಡೆಯದು. ಎರಡನೆಯದು, ಏರಿಯ ಒಳಗೇ ನೀರು ದಾರಿ ಮಾಡಿಕೊಳ್ಳುವುದು. ಹೆಗ್ಗಣ, ಏಡಿಗಳ ಬಿಲಗಳು, ಒಣಗಿದ ಮರದ ಬೇರುಗಳು, ತೂಬಿನ ಪಕ್ಕದ ಸಡಿಲ ಮಣ್ಣು ಇದಕ್ಕೆ ಕಾರಣವಾಗುತ್ತವೆ. ಏರಿಯ ಬುಡದಲ್ಲಿ ತಿಳಿನೀರು ಒಸರುತ್ತಿದ್ದರೆ ಕಣ್ಣಿಟ್ಟಿರಬೇಕು. ಕೆಂಪು ನೀರು ಬಂದಿತೆಂದರೆ ಏರಿಯ ಮಣ್ಣೇ ಕರಗಿ ಹೊರಬರುತ್ತಿದೆ ಎಂದು ಅರ್ಥ. ಆಗ ತಡಮಾಡಲಾಗದು.

ನಮ್ಮ ಕಾಲದಲ್ಲಿಯೇ ನಡೆದ ಎರಡು ದುರಂತಗಳನ್ನು ಇಲ್ಲಿ ಹೇಳಬೇಕು. ಅಮೆರಿಕಕ್ಕೆ ಸೇರಿದ ಹವಾಯಿ ದ್ವೀಪಸ್ತೋಮದ ಕವಾಯಿ ದ್ವೀಪದಲ್ಲಿ ಕಬ್ಬಿನ ತೋಟಗಳ ನೀರಾವರಿಗಾಗಿ 1890ರಲ್ಲಿ ಕಾಲೋಕೊ ಎಂಬ ಮಣ್ಣಿನ ಕಟ್ಟೆಯನ್ನು ಕಟ್ಟಿದ್ದರು. ಆ ಪ್ರದೇಶದ ಸಕ್ಕರೆ ಕಂಪನಿಯು 1971ರಲ್ಲಿ ಮುಚ್ಚಿತು, ಭೂಮಿ ಕೈಬದಲಾಯಿತು, ಕಟ್ಟೆಯು ಖಾಸಗಿ ಒಡೆತನದಲ್ಲಿಯೇ ಉಳಿಯಿತು. 2006ರ ಮಾರ್ಚ್ 14ರಂದು, ಹಲವು ವಾರಗಳ ಎಡೆಬಿಡದ ಮಳೆಯ ನಂತರ, ಬೆಳಗಿನ ಜಾವದಲ್ಲಿ ಆ ಏರಿ ಒಡೆದು ಕೆಳಗಿನ ಮನೆಗಳಲ್ಲಿ ಮಲಗಿದ್ದ 7 ಮಂದಿ ಪ್ರಾಣಬಿಟ್ಟರು. ಅವರಲ್ಲಿ ಒಂದು ಎಳೆಯ ಮಗುವೂ ಒಬ್ಬ ಗರ್ಭಿಣಿಯೂ ಇದ್ದರು. ಕಟ್ಟೆಗೆ ಕೆಲಸಮಾಡುವ ಕೋಡಿಯೇ ಇರಲಿಲ್ಲ, ಅದು ಮಣ್ಣಿನಿಂದ ಮುಚ್ಚಿಹೋಗಿತ್ತು ಎಂಬುದು ತನಿಖೆಯಲ್ಲಿ ಹೊರಬಿದ್ದಿತು. ಸರಕಾರದ ಕಡೆಯಿಂದಲೂ ಸರಿಯಾದ ಪರಿಶೀಲನೆ ನಡೆದಿರಲಿಲ್ಲ. ಜನರ ಪ್ರಾಣವನ್ನು ಅಲಕ್ಷ್ಯದಿಂದ ಅಪಾಯಕ್ಕೆ ಒಡ್ಡಿದನೆಂಬ ಆರೋಪವನ್ನು ಮಾಲೀಕನು 2013ರಲ್ಲಿ ಪ್ರತಿವಾದಿಸದೆ ಬಿಟ್ಟನು. 2014ರಲ್ಲಿ ಅವನಿಗೆ 7 ತಿಂಗಳ ಸೆರೆವಾಸದ ಶಿಕ್ಷೆಯಾಯಿತು.

ಎರಡನೆಯದು ಆಫ್ರಿಕಾ ಖಂಡದ ಕೆನ್ಯಾ ದೇಶದ್ದು. ಅಲ್ಲಿನ ನಕುರು ಜಿಲ್ಲೆಯ ಸೊಲಾಯಿ ಎಂಬಲ್ಲಿ ದೊಡ್ಡ ಕಾಫಿ ತೋಟವೊಂದಕ್ಕೆ ಸೇರಿದ ಖಾಸಗಿ ಮಣ್ಣಿನ ಕಟ್ಟೆಯು 2018ರ ಮೇ 9ರ ರಾತ್ರಿ ಒಡೆಯಿತು. ಬರಗಾಲದ ಬೆನ್ನಿಗೇ ಬಂದ ಭಾರೀ ಮಳೆ, ತುಂಬಿದ ಕಟ್ಟೆ, ಇಳಿಜಾರಿನ ಕೆಳಗೆ ಬಡವರ ಗುಡಿಸಲುಗಳು. 40ಕ್ಕೂ ಹೆಚ್ಚು ಜನ ಸತ್ತರು, ಅನೇಕರು ಮಕ್ಕಳು. ನೂರಾರು ಕುಟುಂಬಗಳು ಮನೆ ಕಳೆದುಕೊಂಡವು. ಕಟ್ಟೆಗೆ ಬೇಕಾದ ಪರವಾನಗಿ ಇರಲಿಲ್ಲವೆಂದು ಅಲ್ಲಿನ ಜಲ ಅಧಿಕಾರಿಗಳು ಆಮೇಲೆ ತಿಳಿಸಿದರು. ನೀರು ಯಾರ ಬೆಳೆಗಾಗಿ ನಿಂತಿತ್ತೋ ಅವರು ಸಾಯಲಿಲ್ಲ. ಆ ನೀರಿನಲ್ಲಿ ಪಾಲಿಲ್ಲದವರು ಸತ್ತರು. ಈ ಎರಡು ಊರುಗಳು ಭೂಗೋಳದ ಎರಡು ಕಡೆಗಳಲ್ಲಿದ್ದರೂ ಅವುಗಳ ಕಥೆ ಒಂದೇ ಆಗಿರುವುದು ನಮ್ಮನ್ನು ಚಿಂತೆಗೀಡುಮಾಡುತ್ತದೆ.

ನಮ್ಮ ದೇಶದಲ್ಲಿ 2021ರಲ್ಲಿ ಅಣೆಕಟ್ಟು ಸುರಕ್ಷತಾ ಕಾಯಿದೆ ಜಾರಿಗೆ ಬಂದಿದೆ. ಅದು 15 ಮೀಟರಿಗಿಂತ ಎತ್ತರವಾದ ಅಣೆಕಟ್ಟುಗಳಿಗೂ, ಕೆಲವು ಷರತ್ತುಗಳಿಗೆ ಒಳಪಟ್ಟು 10ರಿಂದ 15 ಮೀಟರ್ ಎತ್ತರದವುಗಳಿಗೂ ಅನ್ವಯಿಸುತ್ತದೆ. ನಮ್ಮ ತೋಟದ ಕಟ್ಟೆ, ಮದಕಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಪರೀಕ್ಷಿಸಲು ಯಾವ ಎಂಜಿನಿಯರರೂ ಬರುವುದಿಲ್ಲ. ಅಲ್ಲಿ ಕಾವಲಿರತಕ್ಕದ್ದು ಒಡೆಯನ ಕಣ್ಣು ಮತ್ತು ಅವನ ಮನಸ್ಸಾಕ್ಷಿ, ಇವೆರಡೇ.

ನಮ್ಮ ಅರಿಕೆ

ಸುಮಾರು 30 ವರ್ಷಗಳ ಹಿಂದೆ ನಾವು ಬೇರೊಂದು ಧರ್ಮಕೇಂದ್ರದಲ್ಲಿದ್ದೆವು. ಇಗರ್ಜಿಗೆ ಸೇರಿದ ತೆಂಗು ಅಡಿಕೆಯ ತೋಟವೊಂದಿತ್ತು, ಅದರ ಮೇಲ್ಗಡೆ ಗುಡ್ಡದ ತಗ್ಗಿನಲ್ಲಿ ಒಂದು ಸಣ್ಣ ಮದಕವಿತ್ತು. ಒಂದು ವರ್ಷ ಸೆಪ್ಟೆಂಬರ್ ಕೊನೆಗೆ ತೋಟದ ಕೆಲಸದ ಹಿರಿಯರೊಬ್ಬರು ಬಂದು, "ಸ್ವಾಮೀ, ಏರಿಯ ಬುಡದಲ್ಲಿ ಕೆಂಪು ನೀರು ಬರ್ತಾ ಉಂಟು. ನೀರು ಸ್ವಲ್ಪ ಬಿಟ್ಟುಬಿಡುವುದು ಒಳ್ಳೆಯದು" ಎಂದರು. ಆ ವರ್ಷ ಬೇಸಿಗೆಗೆ ನೀರು ಸಾಲದೆ ಹೋದೀತೆಂದು ನಾವೇ ಕೋಡಿಗೆ ಅಡ್ಡಲಾಗಿ ಹಲಗೆಗಳನ್ನು ಇಡಿಸಿದ್ದೆವು. ಹಬ್ಬದ ಸಿದ್ಧತೆ ನಡೆದಿತ್ತು. ಹಬ್ಬ ಕಳೆಯಲಿ, ನೋಡೋಣ ಎಂದು ಹೇಳಿ ಅವರನ್ನು ಕಳುಹಿಸಿದೆವು.

ಅಕ್ಟೋಬರಿನ ಒಂದು ಸಂಜೆ ಗುಡುಗುಮಳೆ ಹೊಡೆಯಿತು. ರಾತ್ರಿ ಏರಿ ಒಡೆಯಿತು. ದೇವರ ದಯೆಯಿಂದ ಕೆಳಗೆ ಮನೆಗಳಿರಲಿಲ್ಲ. ಆದರೆ ನೆರೆಯ ವಿಧವೆಯೊಬ್ಬರ ಕಟಾವಿಗೆ ಬಂದಿದ್ದ ಏಣೆಲು ಗದ್ದೆಯು ಮೊಣಕಾಲೆತ್ತರ ಮಣ್ಣು ಕಲ್ಲುಗಳಿಂದ ಮುಚ್ಚಿತು. ಅವರು ನಮ್ಮ ಧರ್ಮದವರಲ್ಲ. ಬೆಳಿಗ್ಗೆ ಗದ್ದೆಯ ಹುಣಿಯ ಮೇಲೆ ನಿಂತಿದ್ದ ಅವರು ನಮ್ಮನ್ನು ಕಂಡು, "ಯಾರನ್ನು ದೂರುವುದು ಸ್ವಾಮೀ? ಮಳೆಯಲ್ಲವೇ" ಎಂದರು.

ಅವರು ನಮಗೆ ಒಂದು ದಾರಿಯನ್ನು ತೆರೆದುಕೊಟ್ಟಿದ್ದರು. ನಾವು ನಾಚಿಕೆಯಿಂದ ಹೇಳಬೇಕು, ಎರಡು ದಿನ ಆ ದಾರಿಯಲ್ಲೇ ನಡೆದೆವು. ಹೌದು, ಮಳೆ, ಎಂದೆವು. ಎಚ್ಚರಿಕೆ ಕೊಟ್ಟಿದ್ದ ಆ ಹಿರಿಯರು ಒಂದು ಮಾತನ್ನೂ ಆಡಲಿಲ್ಲ. ಅವರ ಮೌನವೇ ನಮ್ಮನ್ನು ಮಲಗಗೊಡಲಿಲ್ಲ. ಮೂರನೆಯ ದಿನ ಪಾಲನಾ ಮಂಡಳಿಯನ್ನು ಕರೆದು ನಡೆದುದನ್ನೆಲ್ಲ ಹೇಳಿದೆವು. ಆಮೇಲೆ ಆ ತಾಯಿಯ ಮನೆಗೆ ಹೋಗಿ, ದೂರಬೇಕಾದುದು ಮಳೆಯನ್ನಲ್ಲ, ನಮ್ಮನ್ನು, ಎಂದು ಒಪ್ಪಿಕೊಂಡೆವು. ಊರಿನ ಯುವಕರು ಸೇರಿ ವಾರಗಟ್ಟಲೆ ದುಡಿದು ಗದ್ದೆಯ ಮಣ್ಣನ್ನು ತೆಗೆದರು. ಆ ವರ್ಷದ ಅಕ್ಕಿಯನ್ನು ಇಗರ್ಜಿಯಿಂದಲೇ ಅವರ ಮನೆಗೆ ಕೊಡಲಾಯಿತು. ಏರಿಯನ್ನು ಮತ್ತೆ ಕಟ್ಟಿದಾಗ ಕೋಡಿಯನ್ನು ಮೊದಲಿಗಿಂತ ಅಗಲವಾಗಿ ಕಲ್ಲಿನಿಂದ ಕಟ್ಟಿಸಿದೆವು. ಅದರ ಅಳತೆಯನ್ನು ಹೇಳಿದವರು ಆ ಕೆಲಸದ ಹಿರಿಯರೇ.

1874ರ ತೀರ್ಪಿನ ಪ್ರಕಾರ ವಿಚಾರಿಸಿದ್ದರೂ ನಮಗೆ ಬಿಡುಗಡೆಯಿರಲಿಲ್ಲ ಎಂಬುದು ನಮಗೆ ಆಮೇಲೆ ತಿಳಿಯಿತು. ಎಚ್ಚರಿಕೆಯನ್ನು ಕೇಳಿಯೂ ಸುಮ್ಮನಿದ್ದವನು ಮಳೆಯ ಹಿಂದೆ ಅಡಗಿಕೊಳ್ಳುವಂತಿಲ್ಲ.

ಇಂದಿನ ಕರ್ತವ್ಯ

ಇಂದು ಕಟ್ಟಗಳ ಸಂಖ್ಯೆ ಇಳಿದಿದೆ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯು ಗೇಣಿದಾರರನ್ನು ಒಡೆಯರನ್ನಾಗಿ ಮಾಡಿತು. ನಮ್ಮ ಎಷ್ಟೋ ಕುಟುಂಬಗಳಿಗೆ ಅದು ಬಿಡುಗಡೆಯ ದಿನ. ಆದರೆ ಧಣಿಗಳ ಅಪ್ಪಣೆಯಿಂದ ಕೂಡುತ್ತಿದ್ದ ಆಳುಗಳು ಒಡೆಯರ ಒಪ್ಪಂದದಿಂದ ಕೂಡುವುದನ್ನು ಹಲವು ಕಡೆಗಳಲ್ಲಿ ನಾವು ಕಲಿಯಲಿಲ್ಲ. ಕೊಳವೆಬಾವಿಗಳು ಬಂದವು. ನೆರೆಯವನನ್ನು ಕೇಳದೆಯೇ ನೀರು ಸಿಗುವಂತಾಯಿತು. ಬೇಸಾಯದ ಗದ್ದೆಗಳು ಕಡಿಮೆಯಾದವು, ಯುವಕರು ಮುಂಬಯಿಗೂ ಕೊಲ್ಲಿ ರಾಷ್ಟ್ರಗಳಿಗೂ ಹೋದರು. ಈಗ ಕೊಳವೆಬಾವಿಗಳು ಬತ್ತುತ್ತಿರುವಾಗ ಜನ ಮತ್ತೆ ಕಟ್ಟದ ಕಡೆಗೆ ತಿರುಗಿದ್ದಾರೆ. ಪ್ಲಾಸ್ಟಿಕ್ ಹಾಳೆ, ಮರಳಿನ ಚೀಲಗಳಿಂದ ಕಟ್ಟುವ ಕಟ್ಟಗಳೂ, ಸರಕಾರದ ಕಿಂಡಿ ಅಣೆಕಟ್ಟುಗಳೂ, ಕೃಷಿಹೊಂಡಗಳೂ ಅಲ್ಲಲ್ಲಿ ಎದ್ದಿವೆ. ಇದು ಸಂತೋಷದ ಸಂಗತಿ. ಆದರೆ ಪ್ಲಾಸ್ಟಿಕ್ ಹಾಸಿದ ಹೊಂಡಕ್ಕೆ ಬಿದ್ದ ಮಗುವಿಗೆ ಮೇಲೆ ಹತ್ತಲು ಹಿಡಿತ ಸಿಗದು. ಬೇಲಿಯಿಲ್ಲದ ಹೊಂಡವು ಮುಚ್ಚದ ಗುಂಡಿಯೇ ಸರಿ.

ಆದುದರಿಂದ ಕಟ್ಟೆ, ಮದಕ, ಹೊಂಡಗಳನ್ನು ಹೊಂದಿರುವ ನಮ್ಮ ಕುಟುಂಬಗಳಲ್ಲಿ ನಾವು ವಿನಯದಿಂದ ಬೇಡಿಕೊಳ್ಳುವುದಿಷ್ಟೆ. ಮಳೆಗಾಲಕ್ಕೆ ಮುನ್ನ ಕೋಡಿಯನ್ನು ಬಿಡಿಸಿಡಿ, ಬೇಸಿಗೆಯ ಆಸೆಗೆ ಅದನ್ನು ಮುಚ್ಚಬೇಡಿ. ಏರಿಯ ಮೇಲೆ ಮರ ಬೆಳೆಯಗೊಡದಿರಿ, ಬಿಲಗಳನ್ನು ಅಗೆದು ಗಟ್ಟಿಮಣ್ಣಿನಿಂದ ತುಂಬಿಸಿ. ಜೋರು ಮಳೆಯ ಮರುದಿನ ಏರಿಯ ಬುಡದಲ್ಲಿ ಒಮ್ಮೆ ನಡೆದು ನೋಡಿ. ಹೊಂಡಕ್ಕೆ ಬೇಲಿ ಹಾಕಿ, ಒಂದು ಗಂಟು ಹಾಕಿದ ಹಗ್ಗವನ್ನು ಇಳಿಬಿಡಿ. ಎಲ್ಲಕ್ಕಿಂತ ಮುಖ್ಯವಾಗಿ, ನಿಮ್ಮ ಕೆಳಗಿನ ಗದ್ದೆಯವರು ಯಾರೆಂಬುದನ್ನು ತಿಳಿದುಕೊಂಡಿರಿ, ಅವರು ಯಾವ ಮತದವರಾದರೂ ಆಗಲಿ. ಕೆಲಸದವರು ಬಂದು ಕೆಂಪು ನೀರಿನ ಸುದ್ದಿ ಹೇಳಿದರೆ, ಹಬ್ಬದ ದಿನವಾದರೂ ಎದ್ದು ಹೋಗಿ ನೋಡಿ.

ಆ ಹಿರಿಯರು ಈಗ ಇಲ್ಲ. ಅವರು ಹೇಳಿದ ಅಳತೆಯ ಕೋಡಿ ಮಾತ್ರ ಇಂದಿಗೂ ನಿಂತಿದೆ. ಕಳೆದ ಮಳೆಗಾಲದಲ್ಲಿ ಆ ಕಡೆ ಹೋಗಿದ್ದಾಗ ನೋಡಿ ಬಂದೆವು. ಮದಕ ತುಂಬಿ ಕೋಡಿ ಹರಿಯುತ್ತಿತ್ತು, ಕೆಳಗಿನ ಗದ್ದೆಯಲ್ಲಿ ಪೈರು ಹಸಿರಾಗಿತ್ತು. ಶತಮಾನೋತ್ಸವವನ್ನು ಆಚರಿಸುತ್ತಿರುವ ಈ ಧರ್ಮಕೇಂದ್ರದ ಎಲ್ಲ ಕುಟುಂಬಗಳ ಹೊಲಗದ್ದೆಗಳೂ, ಅವರ ನೆರೆಯವರ ಹೊಲಗದ್ದೆಗಳೂ ಹಾಗೆಯೇ ಹಸಿರಾಗಿರಲೆಂದು ಹಾರೈಸುತ್ತೇವೆ.